ಮೆದುಳಿನ ಉಪ್ಪಿನ ಲೆಕ್ಕ ತಪ್ಪಿದಾಗ: ಅಯಾನುಗಳ ಓಡಾಟಕ್ಕೂ ಫಿಟ್ಸ್‌ಗೂ ಏನು ನಂಟು?

ಫಿಟ್ಸ್ ಯಾಕೆ ಬರುತ್ತದೆ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಮೆದುಳಿನಲ್ಲಿ ಕರೆಂಟ್ ಜಾಸ್ತಿಯಾಗುತ್ತದೆ ಅಂತ. ಉತ್ತರ ತಪ್ಪಲ್ಲ. ಆದರೆ ಅಲ್ಲಿಗೇ ನಿಂತರೆ ಕೇಳಲೇಬೇಕಾದ ಪ್ರಶ್ನೆಗಳೆಲ್ಲ ಹಾಗೇ ಉಳಿದುಬಿಡುತ್ತವೆ. ಆ ಕರೆಂಟ್ ಎಲ್ಲಿಂದ ಬರುತ್ತದೆ? ವರ್ಷಗಟ್ಟಲೆ ಸರಿಯಾಗಿದ್ದ ಮೆದುಳು ಒಂದು ಕ್ಷಣದಲ್ಲಿ ಹಿಡಿತ ತಪ್ಪುವುದು ಹೇಗೆ? ಒಬ್ಬರ ಫಿಟ್ಸ್ ನಿಲ್ಲಿಸಿದ ಮಾತ್ರೆ ಇನ್ನೊಬ್ಬರಿಗೆ ಅದನ್ನೇ ಹೆಚ್ಚಿಸುವುದು ಯಾಕೆ? ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗ, ಅಂದರೆ ಫಿಟ್ಸ್ ಮತ್ತೆ ಮತ್ತೆ ಬರುವ ಕಾಯಿಲೆ, ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಮನೆಗಳನ್ನು ಮುಟ್ಟಿರುವ ಕಾಯಿಲೆಯ ಒಳಗುಟ್ಟು ತಿಳಿಯಬೇಕಾದರೆ ಉಪ್ಪಿನಿಂದ ಶುರು ಮಾಡಬೇಕು.

ಮೆದುಳಿನ ಕರೆಂಟ್ ತಂತಿಯ ಕರೆಂಟ್ ತರಹದ್ದಲ್ಲ. ತಂತಿಯಲ್ಲಿ ಓಡುವುದು ಎಲೆಕ್ಟ್ರಾನ್. ಮೆದುಳಿನಲ್ಲಿ ಓಡುವುದು ಅಯಾನು. ಉಪ್ಪು ನೀರಿನಲ್ಲಿ ಕರಗಿದಾಗ ಅದರಲ್ಲಿನ ಸೋಡಿಯಂ ಮತ್ತು ಕ್ಲೋರೈಡ್ ಬೇರೆ ಬೇರೆಯಾಗುತ್ತವೆ. ಸೋಡಿಯಂ ಮೇಲೆ ಧನ ವಿದ್ಯುದಂಶ, ಕ್ಲೋರೈಡ್ ಮೇಲೆ ಋಣ ವಿದ್ಯುದಂಶ. ಹೀಗೆ ವಿದ್ಯುದಂಶ ಹೊತ್ತ ಕಣಗಳೇ ಅಯಾನುಗಳು. ಮೆದುಳಿಗೆ ಮುಖ್ಯವಾಗಿ ಬೇಕಾದವು ನಾಲ್ಕು: ಸೋಡಿಯಂ, ಪೊಟ್ಯಾಶಿಯಂ, ಕ್ಲೋರೈಡ್, ಕ್ಯಾಲ್ಸಿಯಂ. ಒಂದು ಯೋಚನೆ ಬರಲಿ, ಒಂದು ಬೆರಳು ಅಲುಗಲಿ, ಇವು ನರಕೋಶದ ಪೊರೆಯನ್ನು ದಾಟಲೇಬೇಕು.

ಪೊರೆಯ ಒಳಗೂ ಹೊರಗೂ ಇವು ಸಮವಾಗಿದ್ದರೆ ಏನೂ ನಡೆಯುತ್ತಿರಲಿಲ್ಲ. ಮೆದುಳಿನ ಶಕ್ತಿ ಇರುವುದೇ ಈ ಅಸಮಾನತೆಯಲ್ಲಿ. ನರಕೋಶದ ಹೊರಗೆ ಲೀಟರ್‌ಗೆ ಸುಮಾರು 145 ಮಿಲಿಮೋಲ್ (ಕರಗಿರುವ ಕಣಗಳನ್ನು ಅಳೆಯುವ ಮಾನ) ಸೋಡಿಯಂ ಇದ್ದರೆ ಒಳಗೆ ಹತ್ತು ಹದಿನೈದು ಅಷ್ಟೇ. ಪೊಟ್ಯಾಶಿಯಂ ಲೆಕ್ಕ ಪೂರ್ತಿ ಉಲ್ಟಾ. ಒಳಗೆ ಸುಮಾರು 140, ಹೊರಗೆ ಬರೀ 3. ಕ್ಯಾಲ್ಸಿಯಂ ಅಂತೂ ಒಳಗಿಗಿಂತ ಹೊರಗೆ ಹತ್ತು ಸಾವಿರ ಪಟ್ಟು ಜಾಸ್ತಿ. ಈ ವ್ಯತ್ಯಾಸದಿಂದಾಗಿ ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. 70 ಮಿಲಿವೋಲ್ಟ್ ಕೇಳುವುದಕ್ಕೆ ಪುಟ್ಟದು. ಆದರೆ ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್ ಮಾತ್ರ. ಅಷ್ಟು ತೆಳುವಾದ ಪೊರೆಯ ಮೇಲೆ ಅದು ಭಾರೀ ಒತ್ತಡವೇ.

ಈ ಅಸಮಾನತೆ ತಾನಾಗಿ ಉಳಿಯುವುದಿಲ್ಲ. ಪೊರೆಯಲ್ಲಿ ಸೋರಿಕೆ ಇದ್ದೇ ಇರುತ್ತದೆ. ತೂತು ಬಿದ್ದ ದೋಣಿ ತೇಲುತ್ತಿರಬೇಕಾದರೆ ಒಬ್ಬರು ಸದಾ ನೀರು ಮೊಗೆದು ಹೊರಗೆ ಹಾಕುತ್ತಲೇ ಇರಬೇಕು, ಅಲ್ವಾ? ನರಕೋಶದಲ್ಲಿ ಆ ಕೆಲಸ ಸೋಡಿಯಂ-ಪೊಟ್ಯಾಶಿಯಂ ಪಂಪ್‌ನದು. ಪ್ರತಿ ಸುತ್ತಿನಲ್ಲೂ ಅದು 3 ಸೋಡಿಯಂ ಹೊರಗೆ ತಳ್ಳಿ 2 ಪೊಟ್ಯಾಶಿಯಂ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕಾಗಿ ಕೋಶದ ಇಂಧನವಾದ ಎಟಿಪಿಯ ಒಂದು ಅಣುವನ್ನು ಖರ್ಚು ಮಾಡುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು ಏಡಿಯ ಕಾಲಿನ ನರದಲ್ಲಿ ಪತ್ತೆ ಮಾಡಿ 1957ರಲ್ಲಿ ಪ್ರಕಟಿಸಿದರು. ನೊಬೆಲ್ ಸಿಕ್ಕಿದ್ದು 40 ವರ್ಷ ಕಳೆದ ಮೇಲೆ, 1997ರಲ್ಲಿ. ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ 2, ಶಕ್ತಿಯ ಖರ್ಚಿನಲ್ಲಿ ಅದರ ಪಾಲು ಸುಮಾರು ಶೇ 20. ಆ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಅಯಾನುಗಳನ್ನು ಅವುಗಳ ಜಾಗಕ್ಕೆ ವಾಪಸ್ ಕಳಿಸುವುದಕ್ಕೆ ಎಂಬ ಅಂದಾಜಿದೆ.

ಪಂಪ್ ಒಂದು ಕಡೆಯಾದರೆ, ಚಾನೆಲ್ ಇನ್ನೊಂದು ಕಡೆ. ಚಾನೆಲ್ ಅಂದರೆ ಪೊರೆಯಲ್ಲಿ ತೆರೆದು ಮುಚ್ಚುವ ಪ್ರೋಟೀನ್ ರಂಧ್ರ. ತೆರೆದಾಗ ಅಯಾನುಗಳು ತಾವಾಗಿಯೇ ನುಗ್ಗುತ್ತವೆ, ಶಕ್ತಿ ಖರ್ಚಿಲ್ಲ. ಒಂದು ಚಾನೆಲ್ ಸೆಕೆಂಡಿಗೆ ಹತ್ತಾರು ಲಕ್ಷ ಅಯಾನುಗಳನ್ನು ಬಿಡಬಲ್ಲದು. ಒಂದು ಪಂಪ್ ಸಾಗಿಸುವುದು ಸೆಕೆಂಡಿಗೆ ನೂರರ ಲೆಕ್ಕದಲ್ಲಿ. ಈ ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಗಲಾಟೆ ಶುರುವಾಗುವುದು ಮಿಲಿಸೆಕೆಂಡುಗಳಲ್ಲಿ, ಎಲ್ಲ ಮೊದಲಿನಂತಾಗುವುದಕ್ಕೆ ಹಿಡಿಯುವುದು ಸೆಕೆಂಡುಗಳು. ಫಿಟ್ಸ್ ಬಗ್ಗೆ ಬರೆಯುವಾಗ ನಾವು ಚಾನೆಲ್‌ಗಳ ಬಗ್ಗೆಯೇ ಜಾಸ್ತಿ ಬರೆಯುತ್ತೇವೆ. ನನಗೆ ಅನ್ನಿಸುವುದು, ಅಪಾಯದ ದೊಡ್ಡ ಭಾಗ ಅಡಗಿರುವುದು ಆಮೇಲಿನ ಈ ಸ್ವಚ್ಛತೆಯ ಕೆಲಸದಲ್ಲಿ.

ಒಂದು ಸಂಕೇತ ಹುಟ್ಟುವುದು ಹೀಗೆ. ಸೋಡಿಯಂ ಚಾನೆಲ್ ತೆರೆಯುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ, ಕೋಶದ ಒಳಭಾಗ ಕ್ಷಣಕಾಲ ಧನವಾಗುತ್ತದೆ. ತಕ್ಷಣ ಸೋಡಿಯಂ ಚಾನೆಲ್ ಮುಚ್ಚಿ ಪೊಟ್ಯಾಶಿಯಂ ಚಾನೆಲ್ ತೆರೆಯುತ್ತದೆ. ಪೊಟ್ಯಾಶಿಯಂ ಹೊರಗೆ ಹೋಗುತ್ತದೆ, ಕೋಶ ಮತ್ತೆ ಋಣಕ್ಕೆ ಇಳಿಯುತ್ತದೆ. ಇಡೀ ಕತೆ ಒಂದೆರಡು ಮಿಲಿಸೆಕೆಂಡಿನದು. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲ ಜೀವಿಯ ದಪ್ಪ ನರತಂತುವಿನಲ್ಲಿ ಇದನ್ನು ಅಳೆದು 1952ರಲ್ಲಿ ಗಣಿತದ ಸಮೀಕರಣಗಳಲ್ಲಿ ಬರೆದಿಟ್ಟರು. ಇವತ್ತಿಗೂ ಫಿಟ್ಸ್‌ನ ಕಂಪ್ಯೂಟರ್ ಮಾದರಿಗಳು ಅದರ ಮೇಲೇ ನಿಂತಿವೆ.

ಹೊರಗೆ ಬಿದ್ದ ಪೊಟ್ಯಾಶಿಯಂ

ಆ ಹೊರಗೆ ಹೋದ ಪೊಟ್ಯಾಶಿಯಂ ಎಲ್ಲಿಗೆ ಹೋಯಿತು ಅಂತ ಕೇಳಿಕೊಳ್ಳೋಣ. ಮೆದುಳಿನ ಕೋಶಗಳ ನಡುವೆ ಇರುವ ಜಾಗ ಬಹಳ ಕಮ್ಮಿ, ಒಟ್ಟು ಗಾತ್ರದ ಐದನೇ ಒಂದು ಭಾಗದಷ್ಟು. ಅದೂ ಕೆಲವು ಹತ್ತು ನ್ಯಾನೋಮೀಟರ್ ಅಗಲದ ಸಂದುಗಳಾಗಿ ಹರಡಿಕೊಂಡಿದೆ. ಮೊದಲೇ ಅಲ್ಲಿ ಪೊಟ್ಯಾಶಿಯಂ 3 ಮಿಲಿಮೋಲ್ ಮಾತ್ರ. ಸಾವಿರಾರು ನರಕೋಶಗಳು ಒಟ್ಟಿಗೆ ಜೋರಾಗಿ ಸಂಕೇತ ಕಳಿಸಿದರೆ ಆ ಸಂದು ಬೇಗ ತುಂಬುತ್ತದೆ. ಫಿಟ್ಸ್ ನಡೆಯುವಾಗ ಪ್ರಾಣಿಗಳ ಮೆದುಳಿನಲ್ಲಿ ಸೂಕ್ಷ್ಮ ವಿದ್ಯುದ್ವಾರ ಇಟ್ಟು ಅಳೆದವರಿಗೆ ಈ ಮಟ್ಟ 10ರಿಂದ 12 ಮಿಲಿಮೋಲ್ ವರೆಗೆ ಏರಿದ್ದು ಕಂಡಿದೆ.

ಏರಿದರೆ ಏನಾಗುತ್ತದೆ? ಕೋಶವನ್ನು ಶಾಂತವಾಗಿ ಇಡುವುದೇ ಪೊಟ್ಯಾಶಿಯಂ ಹೊರಹರಿವು. ಒಳಗೆ 140, ಹೊರಗೆ 3 ಇದ್ದಾಗ ಪೊಟ್ಯಾಶಿಯಂ ಕೋಶವನ್ನು ಸುಮಾರು ಋಣ 100 ಮಿಲಿವೋಲ್ಟ್ ಕಡೆಗೆ ಎಳೆಯುತ್ತದೆ. ಹೊರಗೆ 12 ಆದರೆ ಎಳೆಯುವುದು ಋಣ 65ರ ಕಡೆಗೆ ಮಾತ್ರ. ಅಂದರೆ ಕೋಶ ವಿಶ್ರಾಂತಿ ತೆಗೆದುಕೊಳ್ಳಬೇಕಾದ ಜಾಗವೇ ಮೇಲಕ್ಕೆ ಸರಿದು, ಸಂಕೇತ ಹುಟ್ಟುವ ಗೆರೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಸುಮ್ನೆ ಕೂತಿದ್ದ ಪಕ್ಕದ ಕೋಶವೂ ಈಗ ಚಿಕ್ಕ ನೆಪಕ್ಕೇ ಸಿಡಿಯುತ್ತದೆ. ಅದು ಸಿಡಿದರೆ ಇನ್ನಷ್ಟು ಪೊಟ್ಯಾಶಿಯಂ ಹೊರಗೆ. ಹೀಗೆ ಕೋಶಗಳು ಯಾವ ಸಂದೇಶವೂ ಇಲ್ಲದೆ, ಬರೀ ಸುತ್ತಲಿನ ಉಪ್ಪಿನ ಬದಲಾವಣೆಯಿಂದಲೇ ಒಂದನ್ನೊಂದು ಎಬ್ಬಿಸುತ್ತಾ ಹೋಗುತ್ತವೆ. ಇಲಿಯ ಮೆದುಳಿನ ತೆಳು ಹೋಳನ್ನು ಪೊಟ್ಯಾಶಿಯಂ ಜಾಸ್ತಿ ಇರುವ ದ್ರವದಲ್ಲಿಟ್ಟರೆ ಸಾಕು, ಫಿಟ್ಸ್‌ನಂಥ ಅಲೆಗಳು ತಾವಾಗಿಯೇ ಏಳುತ್ತವೆ. ಪ್ರಯೋಗಾಲಯಗಳಲ್ಲಿ ಇದು ಬಹಳ ಹಳೆಯ ವಿಧಾನ.

ಹಾಗಾದರೆ ನಮಗೆಲ್ಲ ದಿನಾ ಯಾಕೆ ಫಿಟ್ಸ್ ಬರುವುದಿಲ್ಲ? ಆ ಪೊಟ್ಯಾಶಿಯಂ ಅನ್ನು ಹೀರಿಕೊಳ್ಳುವವರು ಇದ್ದಾರೆ, ಅದಕ್ಕೆ. ಪಂಪ್ ಜೊತೆಗೆ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳು ಈ ಕೆಲಸ ಮಾಡುತ್ತವೆ. ಇವು ನರಕೋಶಗಳಲ್ಲ, ಗ್ಲಿಯಾ ಎಂಬ ಬೆಂಬಲ ಕೋಶಗಳ ಗುಂಪಿಗೆ ಸೇರಿದವು. ಪೊಟ್ಯಾಶಿಯಂ ಎಲ್ಲಿ ಜಾಸ್ತಿಯೋ ಅಲ್ಲಿ ಹೀರಿಕೊಂಡು, ತಮ್ಮತಮ್ಮಲ್ಲೇ ಹಂಚಿಕೊಂಡು, ಕಮ್ಮಿ ಇರುವ ಕಡೆ ಬಿಡುತ್ತವೆ. ಇದಕ್ಕೆ ಬೇಕಾದ ಮುಖ್ಯ ಚಾನೆಲ್ ಹೆಸರು ಕೆಐಆರ್4.1. ಈ ಚಾನೆಲ್‌ನ ಜೀನ್ ಎರಡೂ ಪ್ರತಿಗಳಲ್ಲಿ ಕೆಟ್ಟಿರುವ ಮಕ್ಕಳಿಗೆ ಎಳೆವಯಸ್ಸಿನಲ್ಲೇ ಫಿಟ್ಸ್ ಬರುತ್ತದೆ. ನಡಿಗೆಯಲ್ಲಿ ಸಮತೋಲ ತಪ್ಪುತ್ತದೆ, ಕಿವಿ ಕೇಳಿಸುವುದಿಲ್ಲ, ಮೂತ್ರಪಿಂಡ ಉಪ್ಪನ್ನು ಸೋರಿಸುತ್ತದೆ. 2009ರಲ್ಲಿ ಗುರುತಿಸಲಾದ ಈ ಕಾಯಿಲೆಗೆ ಈಸ್ಟ್ ಸಿಂಡ್ರೋಮ್ ಅಂತ ಹೆಸರು. ಮೆದುಳು, ಕಿವಿ, ಮೂತ್ರಪಿಂಡ ಮೂರೂ ಒಟ್ಟಿಗೆ ಕೆಡುವುದು ಮೊದಲು ವಿಚಿತ್ರ ಅನ್ನಿಸುತ್ತದೆ. ಮೂರು ಕಡೆಯೂ ಒಂದೇ ಚಾನೆಲ್ ಪೊಟ್ಯಾಶಿಯಂ ಸಾಗಿಸುತ್ತದೆ ಅಂತ ಗೊತ್ತಾದ ಮೇಲೆ ವಿಚಿತ್ರವೇನಿಲ್ಲ. ಬೇರೆ ಕಾರಣದಿಂದ ವರ್ಷಗಟ್ಟಲೆ ಫಿಟ್ಸ್ ಇರುವವರ ಮೆದುಳಿನ ಗಾಯಗಟ್ಟಿದ ಭಾಗದಲ್ಲೂ ಈ ಚಾನೆಲ್ ಕಮ್ಮಿಯಾಗಿರುವುದು ಕಂಡುಬಂದಿದೆ.

ಗ್ಲಿಯಾ ಕೋಶಗಳ ಪಾತ್ರವನ್ನು ನನಗೆ ನಿಜಕ್ಕೂ ಮನದಟ್ಟು ಮಾಡಿಸಿದ್ದು ಒಂದು ಹಣ್ಣುನೊಣ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಟ್ರಾಯ್ ಲಿಟ್ಲ್‌ಟನ್ ಅವರ ಪ್ರಯೋಗಾಲಯ ಅಧ್ಯಯನ ಮಾಡಿದ ಜೈಡೆಕೊ ಎಂಬ ತಳಿ ಅದು. ಮಾಮೂಲಿ ತಾಪಮಾನದಲ್ಲಿ ಗಾಜಿನ ನಳಿಕೆಯೊಳಗೆ ಈ ನೊಣಗಳು ಎಲ್ಲ ನೊಣಗಳಂತೆಯೇ ಗೋಡೆ ಹತ್ತುತ್ತವೆ, ಓಡಾಡುತ್ತವೆ. ನಳಿಕೆಯನ್ನು 38 ಡಿಗ್ರಿಗೆ ಬಿಸಿ ಮಾಡಿದರೆ ಸಾಮಾನ್ಯ ನೊಣಗಳಿಗೆ ಏನೂ ಆಗುವುದಿಲ್ಲ. ಜೈಡೆಕೊ ನೊಣಗಳು ಮಾತ್ರ ಹಿಡಿತ ತಪ್ಪಿ ತಳಕ್ಕೆ ಬೀಳುತ್ತವೆ, ಮೈ ಸೆಳೆತಕ್ಕೆ ಸಿಗುತ್ತದೆ. ದೋಷವಿರುವುದು ಸೋಡಿಯಂ ಒಳಗೆ ಬಿಟ್ಟುಕೊಂಡು ಕ್ಯಾಲ್ಸಿಯಂ, ಪೊಟ್ಯಾಶಿಯಂ ಹೊರಗೆ ಹಾಕುವ ಒಂದು ಸಾಗಣೆ ಪ್ರೋಟೀನಿನಲ್ಲಿ. ಆ ಪ್ರೋಟೀನ್ ಕೆಲಸ ಮಾಡುವುದು ನರಕೋಶದಲ್ಲಲ್ಲ, ನರಕೋಶವನ್ನು ಸುತ್ತಿಕೊಂಡಿರುವ ಗ್ಲಿಯಾದಲ್ಲಿ. ಗ್ಲಿಯಾದಲ್ಲಷ್ಟೇ ಸರಿಯಾದ ಪ್ರೋಟೀನ್ ಹಾಕಿದರೂ ನೊಣ ಸರಿಹೋಗುತ್ತದೆ.

2019ರಲ್ಲಿ ಅದೇ ತಂಡ ಮುಂದಿನ ಕೊಂಡಿಯನ್ನೂ ಬಿಡಿಸಿತು. ಗ್ಲಿಯಾದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾದಾಗ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಅತಿಯಾಗಿ ಚುರುಕಾಗುತ್ತದೆ. ಅದು ಪೊರೆಯ ಮೇಲಿದ್ದ ಒಂದು ಪೊಟ್ಯಾಶಿಯಂ ಚಾನೆಲ್ ಅನ್ನು ಕೋಶದ ಒಳಕ್ಕೆ ಎಳೆದುಕೊಳ್ಳುವಂತೆ ಮಾಡುತ್ತದೆ. ಚಾನೆಲ್ ಪೊರೆಯ ಮೇಲೆ ಇಲ್ಲದ ಮೇಲೆ ಪೊಟ್ಯಾಶಿಯಂ ಹೀರುವವರು ಯಾರು? ಆ ಕಿಣ್ವವನ್ನು ತಗ್ಗಿಸಿದಾಗ ಸೆಳೆತವೂ ತಗ್ಗಿತು. ನರಕೋಶದ ಒಂದೇ ಒಂದು ಚಾನೆಲ್ ಅನ್ನೂ ಮುಟ್ಟದೆ ಫಿಟ್ಸ್ ತಡೆದರು ಎಂಬುದು ನನಗೆ ಬಹಳ ದೊಡ್ಡ ವಿಷಯ. ಇವತ್ತು ಮನುಷ್ಯರಿಗೆ ಕೊಡುವ ಔಷಧಿಗಳಲ್ಲಿ ಬಹುಪಾಲು ಗುರಿ ಇಡುವುದು ನರಕೋಶಕ್ಕೇ. ಮಾತ್ರೆಗಳಿಗೆ ಬಗ್ಗದ ಫಿಟ್ಸ್ ಇರುವವರು ಮೂರರಲ್ಲಿ ಒಬ್ಬರಷ್ಟು ಇದ್ದಾರೆ. ಅವರಿಗಾಗಿ ಬೇರೆ ಕಡೆ ಹುಡುಕಲೇಬೇಕಲ್ಲ.

ತಡೆಯಬೇಕಾದದ್ದೇ ತಳ್ಳಿದಾಗ

ಮೆದುಳಿನಲ್ಲಿ ಒಂದು ಕೋಶ ಇನ್ನೊಂದಕ್ಕೆ ಕಳಿಸುವ ರಾಸಾಯನಿಕಗಳಲ್ಲಿ ಗ್ಲುಟಮೇಟ್ ಎಬ್ಬಿಸುತ್ತದೆ, ಗಾಬಾ ತಡೆಯುತ್ತದೆ. ಪಠ್ಯಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಆದರೆ ಗಾಬಾ ತಾನೇ ಯಾರನ್ನೂ ತಡೆಯುವುದಿಲ್ಲ. ಅದು ಮಾಡುವುದು ಕ್ಲೋರೈಡ್ ಚಾನೆಲ್ ತೆರೆಯುವುದು, ಅಷ್ಟೇ. ಆಮೇಲೆ ಕ್ಲೋರೈಡ್ ಒಳಗೆ ಹೋಗುತ್ತದೋ ಹೊರಗೆ ಬರುತ್ತದೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಬಲಿತ ನರಕೋಶದಲ್ಲಿ ಕ್ಲೋರೈಡ್ ಕಮ್ಮಿ, 7 ಮಿಲಿಮೋಲ್ ಆಸುಪಾಸು. ಹೊರಗೆ ಸುಮಾರು 130. ಚಾನೆಲ್ ತೆರೆದರೆ ಋಣ ವಿದ್ಯುದಂಶದ ಕ್ಲೋರೈಡ್ ಒಳಗೆ ಬಂದು ಕೋಶವನ್ನು ಋಣ 78 ಮಿಲಿವೋಲ್ಟ್ ಕಡೆಗೆ ಎಳೆಯುತ್ತದೆ. ಅಂದರೆ ತಡೆ. ಅದೇ ಕೋಶದಲ್ಲಿ ಕ್ಲೋರೈಡ್ 25 ಇದ್ದರೆ? ಆಗ ಎಳೆತ ಋಣ 44ರ ಕಡೆಗೆ. ಅಂದರೆ ಕೋಶ ಸಿಡಿಯುವ ಗೆರೆಯತ್ತಲೇ ಹೋಗುತ್ತದೆ. ಅದೇ ಗಾಬಾ, ಅದೇ ಚಾನೆಲ್, ಆದರೆ ಪರಿಣಾಮ ತಿರುಗುಮುರುಗು.

ಕ್ಲೋರೈಡ್ ಮಟ್ಟವನ್ನು ತೀರ್ಮಾನಿಸುವುದು ಎರಡು ಸಾಗಣೆ ಪ್ರೋಟೀನುಗಳು. ಎನ್‌ಕೆಸಿಸಿ1 ಕ್ಲೋರೈಡನ್ನು ಒಳಗೆ ತರುತ್ತದೆ. ಕೆಸಿಸಿ2 ಪೊಟ್ಯಾಶಿಯಂ ಜೊತೆಗೆ ಕ್ಲೋರೈಡನ್ನೂ ಹೊರಗೆ ಒಯ್ಯುತ್ತದೆ. ಎಳೆಯ ಮೆದುಳಿನಲ್ಲಿ ಮೊದಲನೆಯದರ ಕೈ ಮೇಲು. ಹುಟ್ಟಿನ ಆಸುಪಾಸಿನಲ್ಲಿ ಮತ್ತು ನಂತರದ ತಿಂಗಳುಗಳಲ್ಲಿ ಕೆಸಿಸಿ2 ಹೆಚ್ಚುತ್ತಾ ಹೋಗಿ ಗಾಬಾ ನಿಜವಾದ ತಡೆಯಾಗುತ್ತದೆ. ಎಳೆಯ ಮೆದುಳಿಗೆ ಈ ಉಲ್ಟಾ ವ್ಯವಸ್ಥೆ ಬೇಕು, ಕೋಶಗಳು ಬೆಳೆದು ಸಂಪರ್ಕ ಕಟ್ಟಿಕೊಳ್ಳುವುದಕ್ಕೆ ಅದು ನೆರವಾಗುತ್ತದೆ. ಆದರೆ ಬೆಲೆಯೂ ಇದೆ. ಹಸುಗೂಸುಗಳಲ್ಲಿ ಫಿಟ್ಸ್ ಬರುವ ಸಂಭವ ಜಾಸ್ತಿ ಇರುವುದಕ್ಕೆ ಇದೊಂದು ಕಾರಣ ಎಂದು ತಜ್ಞರು ಭಾವಿಸುತ್ತಾರೆ.

ನವಜಾತ ಶಿಶುವಿಗೆ ಫಿಟ್ಸ್ ಬಂದರೆ ಸಾಮಾನ್ಯವಾಗಿ ಮೊದಲು ಕೊಡುವುದು ಫೀನೋಬಾರ್ಬಿಟಲ್. ಅದು ಗಾಬಾ ಚಾನೆಲ್ ಅನ್ನು ಹೆಚ್ಚು ಹೊತ್ತು ತೆರೆದಿಡುವ ಔಷಧಿ. ಕೆಲವೊಮ್ಮೆ ಔಷಧಿ ಕೊಟ್ಟ ಮೇಲೆ ಮಗುವಿನ ಕೈಕಾಲಿನ ಸೆಳೆತ ನಿಂತಿರುತ್ತದೆ. ನೋಡಿದವರಿಗೆ ಮಗು ಶಾಂತವಾಗಿ ಮಲಗಿದೆ ಅನ್ನಿಸುತ್ತದೆ. ಆದರೆ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯ ಪರದೆಯ ಮೇಲೆ ಫಿಟ್ಸ್‌ನ ಅಲೆಗಳು ಹಾಗೇ ಓಡುತ್ತಿರುತ್ತವೆ. ಬೆನ್ನುಹುರಿ ಮತ್ತು ಮೆದುಳಿನ ಕೆಳಭಾಗದಲ್ಲಿ ಕ್ಲೋರೈಡ್ ವ್ಯವಸ್ಥೆ ಬೇಗ ಬಲಿಯುತ್ತದೆ, ಮೇಲಿನ ಪದರವಾದ ಕಾರ್ಟೆಕ್ಸ್‌ನಲ್ಲಿ ತಡವಾಗಿ. ಹಾಗಾಗಿ ಔಷಧಿ ಕೆಳಗೆ ಹಿಡಿಯುತ್ತದೆ, ಮೇಲೆ ಹಿಡಿಯುವುದಿಲ್ಲ ಎಂಬುದು ಇದಕ್ಕೆ ಕೊಡುವ ವಿವರಣೆ. ಶಿಶುಗಳ ಐಸಿಯುನಲ್ಲಿ ಬರೀ ಕಣ್ಣಿನ ನೋಟ ನಂಬದೆ ಇಇಜಿ ಇಟ್ಟು ನೋಡಬೇಕು ಅನ್ನುವುದಕ್ಕೆ ಇಷ್ಟು ಸಾಕು.

ಹಾಗಿದ್ದರೆ ಎನ್‌ಕೆಸಿಸಿ1 ಅನ್ನು ಮುಚ್ಚಿಬಿಡೋಣ ಎಂಬ ಯೋಚನೆ ಬರದೇ ಇರಲಿಲ್ಲ. ಮೂತ್ರ ಹೆಚ್ಚಿಸಲು ಕೊಡುವ ಬ್ಯುಮೆಟನೈಡ್ ಎಂಬ ಹಳೆಯ ಔಷಧಿ ಅದನ್ನು ತಡೆಯುತ್ತದೆ. ಯುರೋಪಿನಲ್ಲಿ ನವಜಾತ ಶಿಶುಗಳ ಮೇಲೆ ಇದರ ಪ್ರಯೋಗ ನಡೆಯಿತು. ಫಿಟ್ಸ್ ಮೇಲೆ ನಿರೀಕ್ಷಿಸಿದ ಪರಿಣಾಮ ಕಾಣಲಿಲ್ಲ, ಕೆಲವು ಶಿಶುಗಳಲ್ಲಿ ಕಿವಿಯ ತೊಂದರೆ ಕಾಣಿಸಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು, ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಒಳಕಿವಿಯ ದ್ರವಕ್ಕೆ ಪೊಟ್ಯಾಶಿಯಂ ಒದಗಿಸುವುದೂ ಇದೇ ಎನ್‌ಕೆಸಿಸಿ1. ಜೊತೆಗೆ ಈ ಔಷಧಿ ರಕ್ತದಿಂದ ಮೆದುಳಿಗೆ ಸರಿಯಾಗಿ ದಾಟುವುದೂ ಇಲ್ಲ. ಒಂದು ಸಾಗಣೆ ಪ್ರೋಟೀನ್ ದೇಹದ ಎಷ್ಟು ಕಡೆ ಕೆಲಸ ಮಾಡುತ್ತಿದೆ ಅಂತ ಮರೆತರೆ ಒಳ್ಳೆಯ ಯೋಚನೆಯೂ ಕೈಕೊಡುತ್ತದೆ.

ದೊಡ್ಡವರಲ್ಲೂ ಈ ಉಲ್ಟಾ ಆಟ ನಡೆಯಬಹುದು. ಪ್ಯಾರಿಸ್‌ನ ಸಂಶೋಧಕರು ಮೆದುಳಿನ ಟೆಂಪೊರಲ್ ಭಾಗದ (ಕಿವಿಯ ಪಕ್ಕದ ಭಾಗ) ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮೆದುಳಿನ ತುಣುಕುಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಆ ತುಣುಕುಗಳಲ್ಲಿ ತಾನಾಗಿಯೇ ಲಯಬದ್ಧ ಅಲೆಗಳು ಏಳುತ್ತಿದ್ದವು. ಕೆಲವು ಕೋಶಗಳನ್ನು ಗಾಬಾ ತಡೆಯುವ ಬದಲು ಎಬ್ಬಿಸುತ್ತಿತ್ತು. ತಲೆಗೆ ಪೆಟ್ಟು ಬಿದ್ದಾಗ, ದೀರ್ಘ ಫಿಟ್ಸ್ ಆದಾಗ ಕೆಸಿಸಿ2 ಕಮ್ಮಿಯಾಗುವುದನ್ನು ಪ್ರಾಣಿಗಳಲ್ಲಿ ನೋಡಿದ್ದಾರೆ. ಗಾಯಗೊಂಡ ಕೋಶ ಒಂದು ಅರ್ಥದಲ್ಲಿ ತನ್ನ ಬಾಲ್ಯಕ್ಕೆ ಮರಳುತ್ತದೆ, ಜೊತೆಗೆ ಆ ವಯಸ್ಸಿನ ಅಪಾಯಕ್ಕೂ. ಕೆಸಿಸಿ2 ಜೀನ್‌ನಲ್ಲೇ ದೋಷವಿದ್ದು ಶೈಶವದಲ್ಲಿ ತೀವ್ರ ಫಿಟ್ಸ್ ಬರುವ ಕುಟುಂಬಗಳೂ ವರದಿಯಾಗಿವೆ.

ಇಲ್ಲಿ ಒಂದು ಹಳೆಯ ವಿಷಯ ಹೇಳಲೇಬೇಕು. ಫಿಟ್ಸ್‌ಗೆ ಸಿಕ್ಕಿದ ಮೊದಲ ಪರಿಣಾಮಕಾರಿ ಔಷಧಿ ಬ್ರೋಮೈಡ್, ಇಂಗ್ಲೆಂಡಿನ ಚಾರ್ಲ್ಸ್ ಲೋಕಾಕ್ 1857ರಲ್ಲಿ ಅದರ ಬಗ್ಗೆ ಹೇಳಿದರು. ಬ್ರೋಮೈಡ್ ತಾನೇ ಒಂದು ಅಯಾನು, ಕ್ಲೋರೈಡ್‌ನ ಹತ್ತಿರದ ನೆಂಟ. ಗಾಬಾ ಚಾನೆಲ್‌ನಲ್ಲಿ ಅದು ಕ್ಲೋರೈಡ್‌ಗಿಂತ ಸಲೀಸಾಗಿ ದಾಟುತ್ತದೆ, ತಡೆ ಬಲವಾಗುತ್ತದೆ. ಚಾನೆಲ್ ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ ವೈದ್ಯರು ಅಯಾನಿನ ಲೆಕ್ಕವನ್ನೇ ತಿದ್ದುತ್ತಿದ್ದರು.

ಒಂದೇ ಮಾತ್ರೆ, ಎರಡು ಮಕ್ಕಳು

ಈಗ ಚಾನೆಲ್‌ಗಳಿಗೆ ಬರೋಣ. ಫ್ರಾನ್ಸಿನ ವೈದ್ಯೆ ಶಾರ್ಲೆಟ್ ದ್ರವೆ 1978ರಲ್ಲಿ ವಿವರಿಸಿದ ಕಾಯಿಲೆಗೆ ಇಂದು ಅವರದೇ ಹೆಸರಿದೆ. ಚೆನ್ನಾಗಿ ಬೆಳೆಯುತ್ತಿದ್ದ ಮಗುವಿಗೆ ಮೊದಲ ವರ್ಷದಲ್ಲೇ, ಹೆಚ್ಚಾಗಿ ಜ್ವರ ಬಂದಾಗ, ದೀರ್ಘವಾದ ಫಿಟ್ಸ್ ಬರುತ್ತದೆ. ಮತ್ತೆ ಮತ್ತೆ ಬರುತ್ತದೆ. 2001ರಲ್ಲಿ ಕಾರಣ ಸಿಕ್ಕಿತು. ಎಸ್‌ಸಿಎನ್1ಎ ಎಂಬ ಸೋಡಿಯಂ ಚಾನೆಲ್ ಜೀನ್‌ನ ಒಂದು ಪ್ರತಿ ಕೆಲಸ ಮಾಡುತ್ತಿರಲಿಲ್ಲ. ಬಹುತೇಕ ಮಕ್ಕಳಲ್ಲಿ ಈ ದೋಷ ಹೊಸದಾಗಿ ಹುಟ್ಟಿಕೊಂಡದ್ದು, ಅಪ್ಪ ಅಮ್ಮನಲ್ಲಿ ಇರುವುದಿಲ್ಲ. ತಮ್ಮಿಂದ ಏನೋ ತಪ್ಪಾಯಿತು ಎಂದು ಕೊರಗುವ ಪೋಷಕರಿಗೆ ಈ ಮಾತು ಗೊತ್ತಾಗಬೇಕು.

ಆದರೆ ಒಂದು ಗೊಂದಲ ಉಳಿಯಿತು. ಸೋಡಿಯಂ ಚಾನೆಲ್ ಕಮ್ಮಿಯಾದರೆ ಕೋಶ ಕಮ್ಮಿ ಸಿಡಿಯಬೇಕು, ಫಿಟ್ಸ್ ಕಮ್ಮಿಯಾಗಬೇಕು. ಇಲ್ಲಿ ಜಾಸ್ತಿ ಆಗುತ್ತಿದೆಯಲ್ಲ? ಅಮೆರಿಕದ ವಿಲಿಯಂ ಕ್ಯಾಟರಾಲ್ ಅವರ ತಂಡ 2006ರಲ್ಲಿ ಇಲಿಗಳಲ್ಲಿ ಉತ್ತರ ತೋರಿಸಿತು. ಆ ಚಾನೆಲ್ ಮೇಲೆ ಹೆಚ್ಚು ಅವಲಂಬಿಸಿರುವುದು ಗಾಬಾ ಬಿಡುವ, ಅಂದರೆ ತಡೆಯುವ ಕೋಶಗಳು. ದುರ್ಬಲವಾಗಿದ್ದು ತಡೆಯುವವರೇ. ಹೀಗಾಗಿ ಕಾರ್ಬಮಜೆಪಿನ್, ಫೆನಿಟೋಯಿನ್, ಲಮೋಟ್ರಿಜಿನ್ ತರಹದ ಸೋಡಿಯಂ ಚಾನೆಲ್ ತಡೆಯುವ ಮಾತ್ರೆಗಳು ಈ ಮಕ್ಕಳ ಫಿಟ್ಸ್ ಅನ್ನು ಹೆಚ್ಚಿಸಬಲ್ಲವು.

ಇದರ ಪಕ್ಕದಲ್ಲೇ ಕೆಸಿಎನ್‌ಕ್ಯೂ2 ಎಂಬ ಪೊಟ್ಯಾಶಿಯಂ ಚಾನೆಲ್ ಅನ್ನು ಇಟ್ಟು ನೋಡಿ. ಇದು ನರಕೋಶ ಪದೇ ಪದೇ ಸಿಡಿಯದಂತೆ ಹಿಡಿದಿಡುವ ಚಾನೆಲ್. ಇದರ ಜೀನ್‌ನಲ್ಲಿ ಸೌಮ್ಯ ದೋಷವಿದ್ದರೆ ಮಗುವಿಗೆ ಹುಟ್ಟಿದ ಮೊದಲ ದಿನಗಳಲ್ಲೇ ಫಿಟ್ಸ್ ಬಂದು, ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ದೋಷ ತೀವ್ರವಾಗಿದ್ದರೆ ಬೆಳವಣಿಗೆಯೇ ಕುಂಠಿತವಾಗುತ್ತದೆ. ಈ ಮಕ್ಕಳಲ್ಲಿ ಅನೇಕರಿಗೆ ಒಳ್ಳೆಯ ಫಲ ಕೊಡುವುದು ಅದೇ ಕಾರ್ಬಮಜೆಪಿನ್, ಅದೇ ಫೆನಿಟೋಯಿನ್! ಒಂದು ಮಗುವಿಗೆ ಹಾನಿ ಮಾಡುವ ಮಾತ್ರೆ ಇನ್ನೊಂದು ಮಗುವಿಗೆ ಆಸರೆ. ಹೊರಗಿನಿಂದ ಎರಡೂ ಫಿಟ್ಸ್‌ಗಳೇ. ಒಳಗೆ ಕೆಟ್ಟಿರುವ ಅಯಾನು ದಾರಿ ಬೇರೆ. ಎಳೆವಯಸ್ಸಿನಲ್ಲಿ ಶುರುವಾಗುವ, ಕಾರಣ ಗೊತ್ತಿಲ್ಲದ ಫಿಟ್ಸ್‌ನಲ್ಲಿ ಜೀನ್ ಪರೀಕ್ಷೆ ಬರೀ ಹೆಸರು ಹಚ್ಚುವುದಕ್ಕಲ್ಲ, ಮಾತ್ರೆ ಆರಿಸುವುದಕ್ಕೂ ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಯಾರಿಗೆ ಎಷ್ಟು ಅಪಾಯ?

ಇಷ್ಟು ಓದಿದವರಿಗೆ, ಮೂರ್ಛೆರೋಗ ಇರುವ ಎಲ್ಲರಲ್ಲೂ ಒಂದು ಕೆಟ್ಟ ಜೀನ್ ಇರುತ್ತದೆ ಅನ್ನಿಸಬಹುದು. ಹಾಗಿಲ್ಲ. ಪಾರ್ಶ್ವವಾಯು, ತಲೆಪೆಟ್ಟು, ಸೋಂಕು, ಗೆಡ್ಡೆ, ಹುಟ್ಟುವಾಗ ಆಮ್ಲಜನಕದ ಕೊರತೆ, ಹೀಗೆ ಕಾರಣಗಳು ಹಲವು. ಒಂದೇ ಜೀನ್ ಇಡೀ ಕಾಯಿಲೆಗೆ ಕಾರಣವಾಗುವುದು ಕೆಲವರಲ್ಲಿ ಮಾತ್ರ. ಉಳಿದ ಹಲವರಲ್ಲಿ ಸಣ್ಣ ಸಣ್ಣ ಜೀನ್ ವ್ಯತ್ಯಾಸಗಳು ಸೇರಿ ಫಿಟ್ಸ್ ಶುರುವಾಗುವ ಗೆರೆಯನ್ನು ಸ್ವಲ್ಪ ಕೆಳಗಿಳಿಸಿರುತ್ತವೆ.

ಆ ಗೆರೆ ಎಲ್ಲರ ಮೆದುಳಿನಲ್ಲೂ ಇದೆ. ಸಾಕಷ್ಟು ತಳ್ಳಿದರೆ ಯಾರಿಗೆ ಬೇಕಾದರೂ ಫಿಟ್ಸ್ ಬರಬಹುದು. ರಕ್ತದ ಸೋಡಿಯಂ ಸಾಮಾನ್ಯವಾಗಿ 135ರಿಂದ 145 ಇರುತ್ತದೆ. ಅದು ದಿಢೀರ್ ಎಂದು ಕುಸಿದರೆ ನೀರು ಮೆದುಳಿನ ಕೋಶಗಳೊಳಗೆ ಹೋಗಿ ಅವು ಊದಿಕೊಳ್ಳುತ್ತವೆ. ಕೋಶಗಳ ನಡುವಿನ ಸಂದು ಇನ್ನೂ ಕಿರಿದಾಗುತ್ತದೆ, ಪೊಟ್ಯಾಶಿಯಂ ಇನ್ನೂ ಬೇಗ ತುಂಬುತ್ತದೆ. ಮೆಗ್ನೀಷಿಯಂ ತೀರಾ ಕಮ್ಮಿಯಾದರೆ ಗ್ಲುಟಮೇಟ್‌ನ ಒಂದು ಬಗೆಯ ಚಾನೆಲ್‌ಗೆ ಇದ್ದ ಅಡ್ಡಿ ಸಡಿಲವಾಗುತ್ತದೆ. ಕ್ಯಾಲ್ಸಿಯಂ ಕಮ್ಮಿಯಾದರೆ ಸೋಡಿಯಂ ಚಾನೆಲ್‌ಗಳು ಸುಲಭವಾಗಿ ತೆರೆದುಕೊಳ್ಳುತ್ತವೆ. ಇಂಥ ಕಾರಣದಿಂದ ಬಂದ ಫಿಟ್ಸ್ ಅನ್ನು ಮೂರ್ಛೆರೋಗ ಅನ್ನುವುದಿಲ್ಲ. ಲವಣದ ಮಟ್ಟ ಸರಿಪಡಿಸಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಮೊದಲ ಸಲ ಫಿಟ್ಸ್ ಬಂದವರಿಗೆ ವೈದ್ಯರು ರಕ್ತಪರೀಕ್ಷೆ ಬರೆಯುವುದು ಇದಕ್ಕೇ. ಊಟದಲ್ಲಿ ಉಪ್ಪು ಹೆಚ್ಚು ಕಮ್ಮಿ ಮಾಡಿ ಮೂರ್ಛೆರೋಗ ವಾಸಿ ಮಾಡಬಹುದೇ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ರಕ್ತದ ಲವಣವನ್ನು ಮೂತ್ರಪಿಂಡ ಕಾಯುತ್ತದೆ, ಮೆದುಳಿನದನ್ನು ಅದರದೇ ತಡೆಗೋಡೆ ಕಾಯುತ್ತದೆ. ಕೆಟ್ಟಿರುವುದು ಸಾಗಣೆ, ಸರಕಲ್ಲ.

ಉಸಿರಾಟವೂ ಗೆರೆಯನ್ನು ಸರಿಸಬಲ್ಲದು. ಇಇಜಿ ಕೋಣೆಯಲ್ಲಿ ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರು ಎಳೆದು ಬಿಡಲು ಹೇಳುತ್ತಾರೆ. ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಮೆದುಳಿನ ಆಮ್ಲೀಯತೆ ತಗ್ಗುತ್ತದೆ, ಅಂದರೆ ಹೈಡ್ರೋಜನ್ ಅಯಾನು ಕಮ್ಮಿಯಾಗುತ್ತದೆ. ಕೋಶಗಳು ಚುರುಕಾಗುತ್ತವೆ. ಆಬ್ಸೆನ್ಸ್ ಬಗೆಯ ಮೂರ್ಛೆರೋಗವಿದ್ದರೆ ಮಗು ಇದ್ದಕ್ಕಿದ್ದಂತೆ ಉಸಿರಾಟ ಮರೆತು ಎತ್ತಲೋ ದಿಟ್ಟಿಸುತ್ತದೆ. ಪರದೆಯಲ್ಲಿ ಸೆಕೆಂಡಿಗೆ ಮೂರರಂತೆ ಚೂಪು ಅಲೆಗಳು ಸಾಲುಗಟ್ಟುತ್ತವೆ. ಕೆಲವು ಸೆಕೆಂಡು ಕಳೆದು ಮಗು ಏನೂ ಆಗಿಲ್ಲವೆಂಬಂತೆ ಮತ್ತೆ ಉಸಿರಾಡಲು ಶುರು ಮಾಡುತ್ತದೆ. ತರಗತಿಯಲ್ಲಿ ಗಮನ ಕೊಡುವುದಿಲ್ಲ ಅಂತ ಬೈಸಿಕೊಂಡ ಎಷ್ಟೋ ಮಕ್ಕಳ ನಿಜವಾದ ತೊಂದರೆ ಈ ಮೂರು ನಿಮಿಷದಲ್ಲಿ ಬಯಲಾಗಿದೆ.

ಅದೇ ಹೈಡ್ರೋಜನ್ ಅಯಾನು ಫಿಟ್ಸ್ ನಿಲ್ಲುವುದಕ್ಕೂ ನೆರವಾಗುತ್ತದೆ. ಫಿಟ್ಸ್ ನಡೆಯುತ್ತಿದ್ದಂತೆ ಮೆದುಳಿನಲ್ಲಿ ಆಮ್ಲ ಹೆಚ್ಚುತ್ತದೆ. ಆಮ್ಲವನ್ನು ಗುರುತಿಸುವ ಒಂದು ಚಾನೆಲ್ ಆಗ ತೆರೆದು, ಬಿರುಗಾಳಿಯನ್ನು ತಗ್ಗಿಸಲು ಸಹಾಯ ಮಾಡುತ್ತದೆ ಎಂದು 2008ರಲ್ಲಿ ಇಲಿಗಳಲ್ಲಿ ತೋರಿಸಿದರು. ಜೊತೆಗೆ ಪಂಪ್‌ಗಳು ಪೂರ್ತಿ ವೇಗದಲ್ಲಿ ದುಡಿಯುತ್ತವೆ, ಆಸ್ಟ್ರೋಸೈಟ್‌ಗಳು ಪೊಟ್ಯಾಶಿಯಂ ಹೀರುತ್ತವೆ. ಹೀಗಾಗಿ ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ.

ನಿಲ್ಲದೆ 5 ನಿಮಿಷ ದಾಟಿದರೆ ಲೆಕ್ಕ ಬೇರೆ. ಗಾಬಾ ಚಾನೆಲ್‌ಗಳ ಮೂಲಕ ಕ್ಲೋರೈಡ್ ನುಗ್ಗಿ ನುಗ್ಗಿ ಕೋಶದೊಳಗೆ ಶೇಖರವಾಗಿರುತ್ತದೆ, ಹೊರಗೆ ಹಾಕಬೇಕಾದ ಕೆಸಿಸಿ2 ಸೋತಿರುತ್ತದೆ. ಗಾಬಾ ಚಾನೆಲ್‌ಗಳೇ ಪೊರೆಯಿಂದ ಒಳಕ್ಕೆ ಸರಿಯತೊಡಗುತ್ತವೆ. ಫಿಟ್ಸ್ ನಿಲ್ಲಿಸಲು ತುರ್ತಾಗಿ ಕೊಡುವ ಮಿಡಜೋಲಾಮ್, ಲೋರಜೆಪಾಮ್, ಡಯಜೆಪಾಮ್ ಎಲ್ಲವೂ ಕೆಲಸ ಮಾಡುವುದು ಆ ಚಾನೆಲ್ ಮೂಲಕವೇ. ಅಂದರೆ ತಡವಾದಷ್ಟೂ ಅದೇ ಔಷಧಿಯ ಬಲ ಕುಗ್ಗುತ್ತದೆ. ಆದ್ದರಿಂದ ಎದುರಿಗೆ ಯಾರಿಗಾದರೂ ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ. ಸುತ್ತಲಿನ ಚೂಪು, ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಪಕ್ಕಕ್ಕೆ ಹೊರಳಿಸಿ. ಕೈಕಾಲು ಒತ್ತಿ ಹಿಡಿಯಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ. ಪೂರ್ತಿ ಎಚ್ಚರ ಬರುವವರೆಗೆ ಜೊತೆಗಿರಿ. 5 ನಿಮಿಷ ಆಯಿತು ಅಂದರೆ, ಅಥವಾ ಎಚ್ಚರ ಬರುವ ಮೊದಲೇ ಇನ್ನೊಂದು ಫಿಟ್ಸ್ ಶುರುವಾದರೆ, ಇನ್ನೂ ಸ್ವಲ್ಪ ನೋಡೋಣ ಅಂತ ಕಾಯದೆ ಆಂಬುಲೆನ್ಸ್ ಕರೆಯಿರಿ. ವೈದ್ಯರು ಮೊದಲೇ ಮೂಗಿಗೆ ಸಿಂಪಡಿಸುವ ಔಷಧಿ ಬರೆದುಕೊಟ್ಟಿದ್ದರೆ ಅದನ್ನು ಆಗಲೇ ಕೊಡಿ.